ಹಳೆಯ ಮಸಲ್ ಕಾರಿಗೆ ಆಟೊಮ್ಯಾಟಿಕ್ ಶಿಫ್ಟರ್ ಆರಿಸುವುದು: ಹಿಡಿ ನೋಡುವ ಮೊದಲು ಅಡಿ ನೋಡಿ

ನನಗೆ ಬರುವ ಮೆಸೇಜುಗಳಲ್ಲಿ ಇದೊಂದು ತಪ್ಪದೆ ಇರುತ್ತದೆ. ಒಂದು ಶಿಫ್ಟರಿನ, ಅಂದರೆ ಗೇರು ಬದಲಿಸುವ ಲಿವರಿನ ಫೋಟೊ: ಪಿಸ್ತೂಲಿನ ಹಿಡಿಯಂಥ ಹಿಡಿಕೆ, ತಲೆಯ ಮೇಲೊಂದು ಕೆಂಪು ಗುಂಡಿ, ಬುಡದಲ್ಲಿ ಮಿರಮಿರ ಮಿಂಚುವ ಅಲ್ಯೂಮಿನಿಯಂ ಪೆಟ್ಟಿಗೆ. ಜೊತೆಗೆ ಪ್ರಶ್ನೆ: "ಸಾರ್, ನನ್ನ ಶೆವ್ರೊಲೆ ಶೆವೆಲ್ ಕಾರಿಗೆ ಇದು ಆಗತ್ತಾ?" ಗೇರ್‌ಬಾಕ್ಸ್ ಯಾವುದು ಅಂತ ನಾನು ತಿರುಗಿ ಕೇಳುತ್ತೇನೆ. ಆಮೇಲೆ ಎರಡು ದಿನ ಸದ್ದಿಲ್ಲ.

ಅಮೆರಿಕದಲ್ಲಿ ನೆಲೆಸಿ, ಮಕ್ಕಳು ಕಾಲೇಜು ಸೇರಿದ ಮೇಲೆ ಗ್ಯಾರೇಜಿಗೊಂದು ಹಳೆಯ ವಿ8 ಕಾರು ತಂದು ನಿಲ್ಲಿಸಿಕೊಂಡ ಕನ್ನಡಿಗರು ನಾನು ಎಣಿಸಿದ್ದಕ್ಕಿಂತ ಹೆಚ್ಚಿದ್ದಾರೆ. ಒಬ್ಬೊಬ್ಬರಿಗೂ ಪ್ರತ್ಯೇಕ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಹೇಳಿಬಿಡುತ್ತೇನೆ. ಮಸಲ್ ಕಾರು ಅಂದರೆ ಇಲ್ಲಿ 1964ರ ಪಾಂಟಿಯಾಕ್ ಜಿಟಿಒದಿಂದ 70ರ ದಶಕದ ಮೊದಲ ವರ್ಷಗಳವರೆಗಿನ ಜಿಎಂ (ಶೆವ್ರೊಲೆ, ಪಾಂಟಿಯಾಕ್‌ಗಳ ಒಡೆಯ ಜನರಲ್ ಮೋಟರ್ಸ್), ಫೋರ್ಡ್, ಕ್ರೈಸ್ಲರ್ ಕಾರುಗಳು.

ಮೊದಲೇ ಒಂದು ಭ್ರಮೆ ಬಿಡಿಸುತ್ತೇನೆ. ಶಿಫ್ಟರ್ ಬದಲಿಸಿದರೆ ಗೇರು ಬೇಗ ಬೀಳುವುದಿಲ್ಲ, ಗಟ್ಟಿಯಾಗಿಯೂ ಬೀಳುವುದಿಲ್ಲ. ಆಟೊಮ್ಯಾಟಿಕ್ ಗೇರ್‌ಬಾಕ್ಸಿನೊಳಗೆ ಮ್ಯಾನುಯಲ್ ವಾಲ್ವ್ ಎಂಬ ಒಂದು ಕಡ್ಡಿ ಇದೆ. ಅದು ಹಿಂದೆ ಮುಂದೆ ಸರಿದಂತೆ ಆಯಿಲ್ಲಿನ ದಾರಿ ಬದಲಾಗುತ್ತದೆ. ನಿಮ್ಮ ಕೈಯಲ್ಲಿರುವ ಲಿವರ್ ಆ ಕಡ್ಡಿಯನ್ನು ದೂರದಿಂದ ತಳ್ಳುವ ಕೋಲು, ಅಷ್ಟೆ. ಗೇರು ಬೀಳುವಾಗ ಬೆನ್ನಿಗೆ ಗುದ್ದಿದ ಹಾಗಾಗಬೇಕು ಅನ್ನುವ ಆಸೆಯಿದ್ದರೆ ಅದು ಆ ಆಯಿಲ್ ದಾರಿಗಳಿರುವ ವಾಲ್ವ್ ಬಾಡಿಯ ಕೆಲಸ, ಅದಕ್ಕೆ ಶಿಫ್ಟ್ ಕಿಟ್ ಅಂತ ಬೇರೆಯೇ ಸಿಗುತ್ತದೆ. ಒಳ್ಳೆಯ ಶಿಫ್ಟರ್ ಮಾಡುವುದು ಒಂದೇ: ನೀವು ಕೇಳಿದ ಜಾಗಕ್ಕೆ ಆ ಕಡ್ಡಿಯನ್ನು ಕರಾರುವಾಕ್ಕಾಗಿ ಒಯ್ದು ನಿಲ್ಲಿಸುತ್ತದೆ, ಬೇಡದ ಜಾಗಕ್ಕೆ ಜಾರಲು ಬಿಡುವುದಿಲ್ಲ.

1. ಕಾರಿನ ಅಡಿಗೆ ಮಲಗಿ ಪ್ಯಾನ್ ನೋಡಿ

ಮಾರಿದವರು ಹೇಳಿದ್ದನ್ನು ನಂಬಬೇಡಿ. ಐವತ್ತು ವರ್ಷ ದಾಟಿದ ಕಾರು, ಗೇರ್‌ಬಾಕ್ಸ್ ಎಷ್ಟು ಸಲ ಬದಲಾಗಿದೆಯೋ ಯಾರಿಗೆ ಗೊತ್ತು. ಕಾರನ್ನು ಎತ್ತಿ, ಎರಡೂ ಬದಿಗೆ ಜ್ಯಾಕ್ ಸ್ಟ್ಯಾಂಡ್ ಕೊಟ್ಟು, ನೆಲದಲ್ಲೇ ಇರುವ ಚಕ್ರಗಳಿಗೆ ಅಡ್ಡ ಕೊಟ್ಟು, ಆಮೇಲೆ ಒಳಗೆ ಹೋಗಿ. ಬರೀ ಜ್ಯಾಕ್ ನಂಬಿ ಒಳಗೆ ತಲೆ ಹಾಕುವವರು ಈ ಲೇಖನ ಓದುವುದನ್ನು ಇಲ್ಲಿಗೇ ನಿಲ್ಲಿಸಿ, ಮೊದಲು ಸ್ಟ್ಯಾಂಡ್ ಕೊಂಡು ಬನ್ನಿ.

ಗೇರ್‌ಬಾಕ್ಸಿನ ತಳದಲ್ಲಿ ಆಯಿಲ್ ಹಿಡಿದಿಡುವ ತಗಡಿನ ತಟ್ಟೆಯೇ ಪ್ಯಾನ್. ಅದರ ಆಕಾರ ನೋಡಿ, ಸುತ್ತಲಿನ ಬೋಲ್ಟ್ ಎಣಿಸಿ.

ಜಿಎಂ ಕಾರಾದರೆ: ಹೆಚ್ಚುಕಡಿಮೆ ಚೌಕ, ಒಂದು ಮೂಲೆ ಕತ್ತರಿಸಿದ ಹಾಗಿದ್ದು 13 ಬೋಲ್ಟ್ ಇದ್ದರೆ ಟರ್ಬೊ 350. ಬೋಲ್ಟ್ ಹದಿಮೂರೇ ಇದ್ದು ಆಕಾರ ಮಾತ್ರ ವಕ್ರವಾಗಿ, ಟೆಕ್ಸಸ್ ನಕ್ಷೆಯ ಹಾಗೆ ಕಂಡರೆ ಟರ್ಬೊ 400. 14 ಬೋಲ್ಟಿನ ಆಯತವಾದರೆ ಪವರ್‌ಗ್ಲೈಡ್, ಎರಡೇ ಗೇರಿನದು. 16 ಬೋಲ್ಟ್ ಇದ್ದರೆ ಯಾರೋ ನಿಮಗಿಂತ ಮೊದಲೇ 700ಆರ್4 ಅಥವಾ 200-4ಆರ್ ಕೂರಿಸಿದ್ದಾರೆ. ಅವು 80ರ ದಶಕದ ನಾಲ್ಕು ಗೇರಿನವು.

ಫೋರ್ಡ್‌ನಲ್ಲಿ 11 ಬೋಲ್ಟ್ ಇದ್ದರೆ ಸಿ4, 17 ಇದ್ದರೆ ಸಿ6. ಕ್ರೈಸ್ಲರ್ ಬಳಗದ ಟಾರ್ಕ್‌ಫ್ಲೈಟ್ 727ಕ್ಕೂ 904ಕ್ಕೂ ಹದಿನಾಲ್ಕೇ ಬೋಲ್ಟ್. ಅಲ್ಲಿ ಎಣಿಕೆಯಿಂದ ತೀರ್ಮಾನವಾಗದು, ಪ್ಯಾನಿನ ಆಕಾರವನ್ನು ಚಿತ್ರದ ಜೊತೆ ಹೋಲಿಸಿಯೇ ನೋಡಬೇಕು.

ಮೇಲೆದ್ದು ಬರುವ ಮೊದಲು ಮೂರು ಫೋಟೊ ತೆಗೆದುಕೊಳ್ಳಿ: ಪ್ಯಾನ್, ಎಡಬದಿಯ ಸಣ್ಣ ಲಿವರ್, ಅದರ ಪಕ್ಕದ ಎಕ್ಸಾಸ್ಟ್ ಕೊಳವೆ. ಮುಂದೆ ಮೂರೂ ಬೇಕಾಗುತ್ತವೆ.

2. ಕಚ್ಚುಗಳನ್ನು ಎಣಿಸಿ

ಗೇರ್‌ಬಾಕ್ಸ್ ಬದಿಯ ಆ ಸಣ್ಣ ಲಿವರ್‌ನಿಂದ ಹಳೆಯ ಕೊಂಡಿ ಕಳಚಿ, ಕೈಯಲ್ಲೇ ಈ ತುದಿಯಿಂದ ಆ ತುದಿಗೆ ಆಡಿಸಿ. ಟಕ್, ಟಕ್ ಅಂತ ಒಂದೊಂದು ಜಾಗದಲ್ಲಿ ಕಚ್ಚಿ ನಿಲ್ಲುತ್ತದೆ. ಇದಕ್ಕೇ ಡಿಟೆಂಟ್ ಅನ್ನುವುದು, ನಾನು ಕಚ್ಚು ಅನ್ನುತ್ತೇನೆ. ಪವರ್‌ಗ್ಲೈಡಿಗೆ ಐದು ಕಚ್ಚು: ಪಾರ್ಕ್, ರಿವರ್ಸ್, ನ್ಯೂಟ್ರಲ್, ಡ್ರೈವ್, ಲೋ. ಮೂರು ಗೇರಿನ ಟರ್ಬೊ 350, ಸಿ4, 727 ಮುಂತಾದವಕ್ಕೆ ಆರು. 700ಆರ್4ಗೆ ಏಳು, ಓವರ್‌ಡ್ರೈವ್ ಎಂಬ ನಾಲ್ಕನೇ ಗೇರಿನ ಜಾಗ ಒಂದು ಹೆಚ್ಚು.

ಕೊಳ್ಳುವ ಶಿಫ್ಟರಿಗೂ ಅಷ್ಟೇ ಕಚ್ಚು ಇರಬೇಕು. ಇದರಲ್ಲಿ ರಾಜಿಯಿಲ್ಲ. ಆರು ಕಚ್ಚಿನ ಹಳೆಯ ಶಿಫ್ಟರನ್ನು ಏಳು ಕಚ್ಚಿನ ಗೇರ್‌ಬಾಕ್ಸಿಗೆ ಕಟ್ಟಿದರೆ ಕೊನೆಯ 1 ಎಂಬ ಜಾಗ ಕೈಗೆ ಸಿಗುವುದೇ ಇಲ್ಲ. "ನನಗೆ 1 ಬೇಡ, ಪರವಾಗಿಲ್ಲ" ಅಂತ ಓಡಿಸುವವರಿದ್ದಾರೆ. ಘಾಟಿ ಇಳಿಯುವಾಗ ಬೇಕಾಗುತ್ತದೆ, ಆಗ ನೆನಪಾಗುತ್ತದೆ.

ಬಿ ಅಂಡ್ ಎಂ ಕಂಪನಿಯ ಮೆಗಾ ಶಿಫ್ಟರ್‌ನಂಥ ಕೆಲವು ಯೂನಿವರ್ಸಲ್ ಕಿಟ್ಟುಗಳಲ್ಲಿ ಎರಡು, ಮೂರು, ನಾಲ್ಕು ಗೇರಿಗೆ ಬೇರೆಬೇರೆ ಗೇಟ್ ಪ್ಲೇಟ್ ಬರುತ್ತವೆ. ಗೇಟ್ ಪ್ಲೇಟ್ ಅಂದರೆ ಲಿವರ್ ಎಲ್ಲೆಲ್ಲಿ ನಿಲ್ಲಬೇಕೆಂದು ಹಲ್ಲು ಕೊರೆದಿರುವ ಲೋಹದ ತಗಡು. ಪೆಟ್ಟಿಗೆಯಿಂದ ತೆಗೆದಾಗ ಒಂದು ಪ್ಲೇಟ್ ಮೊದಲೇ ಕೂತಿರುತ್ತದೆ, ಅದು ನಿಮ್ಮದೇ ಆಗಿರಬೇಕೆಂದೇನಿಲ್ಲ. ಎಲ್ಲ ಜೋಡಿಸಿದ ಮೇಲೆ ಬಿಚ್ಚುವುದಕ್ಕಿಂತ ಮೇಜಿನ ಮೇಲಿರುವಾಗಲೇ ಬದಲಿಸಿಕೊಳ್ಳಿ.

ಇನ್ನೊಂದು ಗುಂಡಿ ಇಲ್ಲಿದೆ, ಬೀಳುವವರು ಬಹಳ. ಕಾರು ಹಿಂದೆ ಡ್ರ್ಯಾಗ್ ರೇಸ್ ಕಂಡಿದ್ದರೆ ಒಳಗೆ ರಿವರ್ಸ್ ಪ್ಯಾಟರ್ನ್ ಮ್ಯಾನುಯಲ್ ವಾಲ್ವ್ ಬಾಡಿ ಇರಬಹುದು. ಹೆಸರಿನಲ್ಲಿ ರಿವರ್ಸ್ ಇದ್ದರೂ ಹಿಂದಕ್ಕೆ ಹೋಗುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಮಾಮೂಲಿ ಕ್ರಮ ಪಾ-ರಿ-ನ್ಯೂ-3-2-1, ಇದರಲ್ಲಿ ಪಾ-ರಿ-ನ್ಯೂ-1-2-3. ಗೇರ್ ತಾನಾಗಿ ಬದಲಾಗುವುದೂ ಇಲ್ಲ, ನೀವೇ ಬದಲಿಸಬೇಕು. ಡ್ರೈವ್ ಅಂದುಕೊಂಡು ಹಾಕಿದ ಜಾಗದಲ್ಲಿ ಕಾರು ಒಂದನೇ ಗೇರಿನಲ್ಲೇ ಕಿರುಚುತ್ತಾ ಹೋಗುತ್ತಿದ್ದರೆ ಅನುಮಾನ ಇಲ್ಲಿಂದ ಶುರುವಾಗಲಿ. ಇದಕ್ಕೆ ಹೊಂದುವ ಶಿಫ್ಟರೇ ಬೇರೆ. ಆರ್ಡರ್ ಮಾಡುವಾಗ ಮುಮ್ಮುಖ ಕ್ರಮವೋ ಹಿಮ್ಮುಖ ಕ್ರಮವೋ ಅಂತ ಕೇಳುತ್ತಾರೆ, ಊಹೆಯ ಮೇಲೆ ಟಿಕ್ ಹಾಕಬೇಡಿ.

3. ಈಗ ಲಿವರ್ ಎಲ್ಲಿದೆ, ನಾಳೆ ಎಲ್ಲಿರಬೇಕು

ಊರಲ್ಲಿ ಅಂಬಾಸಿಡರ್ ಓಡಿಸಿದವರಿಗೆ ಕಾಲಂ ಶಿಫ್ಟ್ ಹೊಸದಲ್ಲ: ಸ್ಟೇರಿಂಗ್ ಕಂಬಕ್ಕೆ ಅಂಟಿಕೊಂಡ ಲಿವರ್. ಉದ್ದ ಬೆಂಚ್ ಸೀಟಿನ ಬಹಳಷ್ಟು ಮಸಲ್ ಕಾರುಗಳು ಫ್ಯಾಕ್ಟರಿಯಿಂದ ಹೀಗೇ ಬಂದವು. ಅದನ್ನು ಕಿತ್ತು ನೆಲಕ್ಕೆ ತರುವ ಆಸೆ ಸಹಜ. ತರುವ ಮೊದಲು ಎರಡು ವಿಷಯ.

ಒಂದು, ಕಾರಿನ ಬೆಲೆ. ಎಂಜಿನ್, ಗೇರ್‌ಬಾಕ್ಸ್ ಎಲ್ಲ ಮೂಲದ್ದೇ ಇರುವ, ದಾಖಲೆ ಸಮೇತದ ಕಾರಿನ ನೆಲ ಕೊರೆಯಬೇಡಿ. 1967ರ ಜಿಟಿಒಗೆ ಟರ್ಬೊ 400ರ ಜೊತೆ ಹರ್ಸ್ಟ್ ಕಂಪನಿಯ ಡ್ಯುಯಲ್ ಗೇಟ್ ಶಿಫ್ಟರ್ ಬರುತ್ತಿತ್ತು. ಅದರಲ್ಲಿ ಎರಡು ಓಣಿ: ಒಂದರಲ್ಲಿ ಮಾಮೂಲಿ ಡ್ರೈವ್, ಇನ್ನೊಂದರಲ್ಲಿ ಕೈಯಿಂದ ಒಂದೊಂದೇ ಗೇರು. 'ಅವನದು-ಅವಳದು' ಅಂತ ಅದಕ್ಕೆ ಅಡ್ಡಹೆಸರು, ಆ ಕಾಲದ ಬುದ್ಧಿ. ಅಂಥದ್ದು ನಿಮ್ಮ ಕಾರಿನಲ್ಲಿದ್ದರೆ ಹೊಸದನ್ನು ಹುಡುಕಬೇಡಿ, ಇರುವುದನ್ನೇ ರಿಪೇರಿ ಮಾಡಿಸಿ.

ಎರಡು, ಸ್ಟೇರಿಂಗ್ ಬೀಗ. ಇದು ಜೀವದ ವಿಷಯ, ನಿಧಾನವಾಗಿ ಓದಿ. ಜಿಎಂ ಕಾರುಗಳಲ್ಲಿ 1969ರ ಮಾಡೆಲ್‌ನಿಂದ, ಉಳಿದವರಲ್ಲಿ 1970ರಿಂದ ಇಗ್ನಿಷನ್ ಕೀ ಸ್ಟೇರಿಂಗ್ ಕಾಲಂಗೆ ಬಂತು. ಕೀ ತಿರುಗಿಸಿ ತೆಗೆದರೆ ಸ್ಟೇರಿಂಗ್ ಬೀಗ ಬೀಳುತ್ತದೆ. ಗೇರು ಪಾರ್ಕ್‌ನಲ್ಲಿ ಇಲ್ಲದಿದ್ದರೆ ಕೀ ಲಾಕ್‌ಗೆ ತಿರುಗಬಾರದು ಎಂಬುದಕ್ಕಾಗಿ ನೆಲದ ಶಿಫ್ಟರ್ ಇರುವ ಕಾರುಗಳಲ್ಲೂ ಗೇರ್‌ಬಾಕ್ಸಿನಿಂದ ಕಾಲಂಗೆ ಒಂದು ಕಡ್ಡಿ ಓಡುತ್ತದೆ. ಅದರ ಹೆಸರು ಬ್ಯಾಕ್‌ಡ್ರೈವ್. ಹೊಸ ಶಿಫ್ಟರ್ ಹಾಕುವಾಗ "ಇದೇನೋ ಅಡ್ಡ ಬರ್ತಿದೆ" ಅಂತ ಈ ಕಡ್ಡಿ ಕಿತ್ತು, ಕಾಲಂ ಅನ್ನು ಪಾರ್ಕ್‌ನಲ್ಲೇ ಕಟ್ಟಿಬಿಡುವವರಿದ್ದಾರೆ. ಹಾಗೆ ಮಾಡಿದರೆ ಓಡುತ್ತಿರುವ ಕಾರಿನಲ್ಲೂ ಕೀ ಲಾಕ್‌ಗೆ ತಿರುಗುತ್ತದೆ, ಸ್ಟೇರಿಂಗ್ ಅಲ್ಲೇ ಹಿಡಿದುಕೊಳ್ಳುತ್ತದೆ. ಬ್ಯಾಕ್‌ಡ್ರೈವ್ ಉಳಿಸಿಕೊಳ್ಳುವಂಥ ಶಿಫ್ಟರನ್ನೇ ಆರಿಸಿ. ಆಗದಿದ್ದರೆ ಕಾಲಂ ಕೆಲಸ ಬಲ್ಲವರ ಹತ್ತಿರ ಹೋಗಿ, ಯೂಟ್ಯೂಬ್ ನೋಡಿ ಮಾಡುವ ಕೆಲಸ ಇದಲ್ಲ.

4. ಯಾವ ಜಾತಿಯದು

ಈಗ ಅಂಗಡಿ ಕಡೆ ತಿರುಗಬಹುದು. ಅಂಗಡಿಯಲ್ಲಿ ನೂರು ಹೆಸರಿದ್ದರೂ ಜಾತಿ ನಾಲ್ಕೇ.

ಫ್ಯಾಕ್ಟರಿ ಮಾದರಿಯದು. 1970ರ ಶೆವೆಲ್‌ನ ಕುದುರೆಲಾಳದ ಆಕಾರದ ಹಿಡಿ ನೆನಪಿಸಿಕೊಳ್ಳಿ. ಕನ್ಸೋಲ್ ಇರುವ ಕಾರಿಗೆ, ಅಂದರೆ ಎರಡು ಸೀಟಿನ ನಡುವೆ ಪೆಟ್ಟಿಗೆ ಇರುವ ಕಾರಿಗೆ, ಇದರಷ್ಟು ಒಪ್ಪುವುದು ಬೇರೊಂದಿಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಗೇರ್‌ಬಾಕ್ಸ್ ಬದಲಿಸಿ 700ಆರ್4 ಹಾಕಿದವರೂ ಇದನ್ನು ಬಿಡಬೇಕಿಲ್ಲ. ಶಿಫ್ಟ್‌ವರ್ಕ್ಸ್‌ನಂಥವರು ಹಳೆಯ ಶಿಫ್ಟರಿನೊಳಗೆ ಕೂರುವ ಹೊಸ ಕಚ್ಚಿನ ಪ್ಲೇಟು, ಓವರ್‌ಡ್ರೈವ್ ಅಕ್ಷರ ಸೇರಿದ ಹೊಸ ಸೂಚಕ ಪಟ್ಟಿ ಮಾರುತ್ತಾರೆ. ಹೊರಗಿನಿಂದ ನೋಡಿದವರಿಗೆ ಏನೂ ಗೊತ್ತಾಗುವುದಿಲ್ಲ.

ರ‍್ಯಾಚೆಟ್ ಮಾದರಿ. ಒಂದು ಸಲ ತಳ್ಳಿದರೆ ಒಂದೇ ಕಚ್ಚು ಸರಿಯುತ್ತದೆ, ಎಷ್ಟೇ ಬಲ ಹಾಕಿದರೂ ಎರಡು ಸರಿಯುವುದಿಲ್ಲ. ಇದು ಯಾಕೆ ಬೇಕು ಅನ್ನುವುದನ್ನು ತಿಳಿಯಲು ಕ್ರಮ ನೋಡಿ: 1ರಿಂದ 2, 2ರಿಂದ ಡ್ರೈವ್, ಎಲ್ಲವೂ ಮುಂದಕ್ಕೆ ತಳ್ಳುವುದು. ಡ್ರೈವ್ ದಾಟಿದರೆ ಮುಂದಿನದೇ ನ್ಯೂಟ್ರಲ್. ಆಕ್ಸಿಲರೇಟರ್ ನೆಲಕ್ಕೆ ಒತ್ತಿ, ಐದೂವರೆ ಸಾವಿರ ಆರ್‌ಪಿಎಂನಲ್ಲಿ 2ರಿಂದ ತಳ್ಳಿದ ಕೈ ಒಂದು ಕಚ್ಚು ಹೆಚ್ಚು ಹೋಯಿತು ಅನ್ನಿ. ಎಂಜಿನ್ನಿಗೆ ಹೊರೆಯೇ ಇಲ್ಲ, ಮುಳ್ಳು ಕೆಂಪು ಗೆರೆ ದಾಟಿ ಹಾರುತ್ತದೆ. ಕೈಯಿಂದ ಗೇರು ಬದಲಿಸಿ ಓಡಿಸುವ ಚಪಲ ಇದ್ದರೆ ಮಾತ್ರ ಇದು ಬೇಕು. ಡ್ರೈವ್‌ಗೆ ಹಾಕಿ ಐಸ್‌ಕ್ರೀಂ ತಿನ್ನಲು ಹೋಗುವವರಿಗೆ ಪಾರ್ಕಿಂಗ್ ಜಾಗದಲ್ಲಿ ರಿವರ್ಸಿಗೂ ಡ್ರೈವಿಗೂ ಮತ್ತೆಮತ್ತೆ ಟಕಟಕ ಮಾಡುವುದು ಎರಡನೇ ವಾರಕ್ಕೇ ಬೇಸರ ಬರುತ್ತದೆ.

ಗೇಟ್ ಮಾದರಿ. ಲಿವರ್ ಮೆಟ್ಟಿಲು ಮೆಟ್ಟಿಲಾದ ಸಂದಿಯಲ್ಲಿ ಸಾಗುತ್ತದೆ, ತಪ್ಪು ಜಾಗಕ್ಕೆ ಹೋಗಲು ಅಡ್ಡಗಟ್ಟೆ ಇರುತ್ತದೆ. ಸರಳ, ಗಟ್ಟಿ. ರಸ್ತೆಗೂ ಆಗುತ್ತದೆ, ಆಗೊಮ್ಮೆ ಈಗೊಮ್ಮೆ ಟ್ರ್ಯಾಕಿಗೂ ಆಗುತ್ತದೆ. ಹರ್ಸ್ಟ್ ಕ್ವಾರ್ಟರ್ ಸ್ಟಿಕ್‌ನಂಥವು ಪೂರ್ತಿ ರೇಸಿನ ಕಡೆಗೆ ವಾಲಿದವು, ಮನೆಯವರನ್ನು ಕೂರಿಸಿಕೊಂಡು ಹೋಗುವ ಕಾರಿಗೆ ನಾನು ಹೇಳುವುದಿಲ್ಲ.

ನಾಲ್ಕನೆಯದು ಗೇರ್‌ಬಾಕ್ಸಿಗೇ ನೇರವಾಗಿ ಬೋಲ್ಟ್ ಆಗುವುದು. ಲೋಕಾರ್ ಇದಕ್ಕೆ ಹೆಸರಾದದ್ದು. ನೆಲದಲ್ಲಿ ಒಂದು ತೂತು, ಅದರಿಂದ ಮೇಲೆದ್ದ ಉದ್ದ ಕೋಲು, ತುದಿಯಲ್ಲೊಂದು ಗುಂಡು. ಗೇರ್‌ಬಾಕ್ಸಿನವರೆಗೆ ಕೇಬಲ್ ಎಳೆಯುವ ಗೊಡವೆಯಿಲ್ಲ. ಆದರೆ ಲಿವರ್ ಎಲ್ಲಿ ಮೇಲೆ ಬರುತ್ತದೆ ಅನ್ನುವುದನ್ನು ಗೇರ್‌ಬಾಕ್ಸ್ ತೀರ್ಮಾನಿಸುತ್ತದೆ, ನೀವಲ್ಲ. ಜೊತೆಗೆ ಎಂಜಿನ್ ಅಲುಗಿದ ಹಾಗೆ ಲಿವರೂ ಅಲುಗುತ್ತದೆ. ಕೆಲವರಿಗೆ ಅದೇ ಖುಷಿ.

ಟ್ರ್ಯಾಕಿಗೆ ಹೋಗುವ ಯೋಚನೆ ಇದ್ದರೆ ಒಂದು ಮಾತು: ಡ್ರ್ಯಾಗ್ ರೇಸ್ ನಡೆಸುವ ಎನ್‌ಎಚ್‌ಆರ್‌ಎ ನಿಯಮದಂತೆ ಬೇಕೆಂದೇ ಒತ್ತದ ಹೊರತು ರಿವರ್ಸ್ ಬೀಳದಂತೆ ತಡೆಯುವ ಲಾಕ್ ಇರಲೇಬೇಕು, ಗೇರಿನಲ್ಲಿರುವಾಗ ಸ್ಟಾರ್ಟ್ ಆಗದಂತೆ ತಡೆಯುವ ನ್ಯೂಟ್ರಲ್ ಸೇಫ್ಟಿ ಸ್ವಿಚ್ ಕೆಲಸ ಮಾಡುತ್ತಿರಬೇಕು.

5. ರಟ್ಟಿನ ಪೆಟ್ಟಿಗೆಯ ಮೇಲೆ ಅಭ್ಯಾಸ

ದುಡ್ಡು ಕೊಡುವ ಮೊದಲು ಶಿಫ್ಟರಿನ ಉದ್ದ, ಅಗಲ, ಎತ್ತರ ಬರೆದುಕೊಂಡು ಅದೇ ಅಳತೆಯ ರಟ್ಟಿನ ಪೆಟ್ಟಿಗೆ ಮಾಡಿ, ಟನಲ್ ಮೇಲೆ ಟೇಪ್ ಹಚ್ಚಿ ನಿಲ್ಲಿಸಿ. ಟನಲ್ ಅಂದರೆ ಸೀಟುಗಳ ನಡುವೆ ಹಾದುಹೋಗುವ ನೆಲದ ಉಬ್ಬು, ಗೇರ್‌ಬಾಕ್ಸ್ ಇರುವುದು ಅದರಡಿ. ಲಿವರ್ ಜಾಗಕ್ಕೊಂದು ಪೊರಕೆ ಕಡ್ಡಿ ಸಿಕ್ಕಿಸಿ ನಾಲ್ಕು ಸಲ ಹಿಂದೆ ಮುಂದೆ ಆಡಿಸಿ. ಪಾರ್ಕ್‌ನಲ್ಲಿ ಗೆಣ್ಣು ಡ್ಯಾಶ್‌ಬೋರ್ಡಿಗೆ ತಗಲುತ್ತದೆಯೇ? 1ಕ್ಕೆ ಎಳೆದಾಗ ಮೊಣಕೈ ಸೀಟಿಗೆ ಗುದ್ದುತ್ತದೆಯೇ? ಬೆಂಚ್ ಸೀಟಾದರೆ ಪೂರ್ತಿ ಮುಂದಕ್ಕೆ ಸರಿಸಿ ನೋಡಿ. ನಿಮಗಿಂತ ಗಿಡ್ಡವರು ಮನೆಯಲ್ಲಿ ಕಾರು ಓಡಿಸುವವರಿದ್ದರೆ ಸೀಟು ಬಂದು ಲಿವರಿಗೇ ಒರಗುತ್ತದೆ.

6. ಕೇಬಲ್ಲಿನ ದಾರಿ

ಶಿಫ್ಟರ್ ಕೆಟ್ಟಿತು ಅಂತ ದೂರುವವರಲ್ಲಿ ಹೆಚ್ಚಿನವರ ಶಿಫ್ಟರ್ ಕೆಟ್ಟಿರುವುದಿಲ್ಲ, ಕೇಬಲ್ ಕೆಟ್ಟಿರುತ್ತದೆ. ಇದು ಎಳೆಯುವುದಕ್ಕೆ ಮಾತ್ರವಲ್ಲ, ತಳ್ಳುವುದಕ್ಕೂ ಇರುವ ಕೇಬಲ್. ಚೂಪಾಗಿ ಬಾಗಿಸಿದರೆ ಒಳಗಿನ ತಂತಿ ಹಿಡಿಯುತ್ತದೆ. ಕಿಟ್ಟಿನ ಕಾಗದದಲ್ಲಿ ಕನಿಷ್ಠ ಬಾಗು ಎಷ್ಟೆಂದು ಕೊಟ್ಟಿರುತ್ತಾರೆ. ನನ್ನ ಕೈಲೆಕ್ಕ: ಊಟದ ಸ್ಟೀಲ್ ತಟ್ಟೆಯ ಅಂಚಿಗಿಂತ ಬಿಗಿಯಾದ ತಿರುವು ಎಲ್ಲೂ ಬೇಡ.

ಎಕ್ಸಾಸ್ಟ್‌ನಿಂದ ದೂರವಿಡಿ. ಹೆಡರ್ಸ್ ಹಾಕಿದ ಕಾರಿನಲ್ಲಿ, ಅಂದರೆ ಮೂಲದ ಬೀಡುಕಬ್ಬಿಣದ ಬದಲು ಉದ್ದುದ್ದ ಕೊಳವೆ ಇರುವ ಕಾರಿನಲ್ಲಿ, ಇದು ಇನ್ನೂ ಕಷ್ಟ. ನನ್ನ ಮೊದಲ ಕೇಬಲ್ ಕೊಳವೆಯಿಂದ ಎರಡು ಬೆರಳಷ್ಟು ದೂರವಿತ್ತು, ಸಾಕು ಅಂದುಕೊಂಡಿದ್ದೆ. ಜುಲೈ ಮಧ್ಯಾಹ್ನ ಸಿಗ್ನಲ್ಲಿನಲ್ಲಿ ನಿಂತವನಿಗೆ ಮೊದಲು ಪ್ಲಾಸ್ಟಿಕ್ ಸುಟ್ಟ ವಾಸನೆ, ಆಮೇಲೆ ಎಷ್ಟು ಎಳೆದರೂ ಡ್ರೈವ್ ಬಿಟ್ಟು ಬಾರದ ಲಿವರ್. ಶಾಖ ತಡೆಯುವ ತೋಳು ಹತ್ತಾರು ಡಾಲರಿಗೆ ಸಿಗುತ್ತದೆ, ತೊಡಿಸಿ.

ಕೇಬಲ್ ಹಿಡಿಯುವ ಬ್ರ್ಯಾಕೆಟ್ ಬಹುಪಾಲು ಪ್ಯಾನಿನ ಬೋಲ್ಟುಗಳಿಗೇ ಕೂರುತ್ತದೆ. ಕಿಟ್ಟಿನಲ್ಲಿ ಕೊಟ್ಟ ಉದ್ದದ ಬೋಲ್ಟನ್ನೇ ಬಳಸಿ. ಸಿಟ್ಟಿನಿಂದ ಬಿಗಿದರೆ ಗ್ಯಾಸ್ಕೆಟ್ ಹೊರಗೆ ಚಿಮ್ಮಿ, ಮರುದಿನ ಗ್ಯಾರೇಜಿನ ನೆಲದಲ್ಲಿ ಸೋರಿದ ಗೇರ್ ಆಯಿಲ್ಲಿನ ಕೆಂಪು ರಂಗೋಲಿ. ಗೇರ್‌ಬಾಕ್ಸ್ ಬದಿಯ ಲಿವರ್ ಕೂಡ ಕಿಟ್ಟಿನದೇ ಇರಲಿ. ಹಳೆಯದರ ಉದ್ದ ಬೇರೆಯಾದರೆ ಶಿಫ್ಟರಿನ ಕಚ್ಚಿಗೂ ಗೇರ್‌ಬಾಕ್ಸಿನ ಕಚ್ಚಿಗೂ ತಾಳ ತಪ್ಪುತ್ತದೆ. ಸಿ4, ಸಿ6 ಇರುವವರು ಗಮನಿಸಿ: ಅಲ್ಲಿ ಕಿಕ್‌ಡೌನ್ ಲಿವರೂ ಅದೇ ಶಾಫ್ಟಿನೊಳಗಿನಿಂದ ಬರುತ್ತದೆ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಗೇರು ಇಳಿಸುವ ಕೊಂಡಿ ಅದು. ಒಂದನ್ನು ಬಿಚ್ಚಲು ಹೋಗಿ ಇನ್ನೊಂದನ್ನು ಬಾಗಿಸಬೇಡಿ.

7. ಸ್ವಿಚ್ಚು

ಪಾರ್ಕ್, ನ್ಯೂಟ್ರಲ್ ಬಿಟ್ಟು ಬೇರೆಲ್ಲೂ ಸ್ಟಾರ್ಟ್ ಆಗದಂತೆ ತಡೆಯುವುದೇ ನ್ಯೂಟ್ರಲ್ ಸೇಫ್ಟಿ ಸ್ವಿಚ್. ಇದನ್ನು ಶಾರ್ಟ್ ಮಾಡಿ "ಆಮೇಲೆ ನೋಡೋಣ" ಅನ್ನಬೇಡಿ. ಗೇರಿನಲ್ಲಿ ಸ್ಟಾರ್ಟ್ ಆದ ವಿ8 ಗ್ಯಾರೇಜಿನ ಗೋಡೆಯನ್ನು ಲೆಕ್ಕಕ್ಕಿಡುವುದಿಲ್ಲ.

ಜಿಎಂ, ಫೋರ್ಡ್ ಕಾರುಗಳಲ್ಲಿ ಈ ಸ್ವಿಚ್ಚು ಕೀಯಿಂದ ಸ್ಟಾರ್ಟರ್ ಕಡೆ ಹೋಗುವ ವೈರಿನ ನಡುವೆಯೇ ಕೂರುತ್ತದೆ. ಜಿಎಂನಲ್ಲಿ ಅದು ನೇರಳೆ ವೈರು. ಕ್ರೈಸ್ಲರ್‌ನದು ಬೇರೆ ರೀತಿ: ಸ್ವಿಚ್ಚು ಗೇರ್‌ಬಾಕ್ಸ್ ಮೈಗೇ ಇದ್ದು ಸ್ಟಾರ್ಟರ್ ರಿಲೇಗೆ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ನಡೆಸುವ ಸ್ವಿಚ್ಚಿಗೆ, ಅರ್ತ್ ಕೊಡುತ್ತದೆ. ಅದು ಸರಿಯಾಗಿದ್ದರೆ ಹೊಸ ಶಿಫ್ಟರಿನ ಸ್ವಿಚ್ಚನ್ನು ಮುಟ್ಟುವುದೇ ಬೇಡ, ಹಳೆಯದೇ ಸಾಕು. ಉಳಿದವರು ಹೊಸ ಶಿಫ್ಟರಿನ ಪುಟ್ಟ ಸ್ವಿಚ್ಚಿಗೆ ಒಂದು ರಿಲೇ ಸೇರಿಸುವುದು ಒಳ್ಳೆಯದು, ಸ್ಟಾರ್ಟರಿನ ಸೊಲೆನಾಯ್ಡ್ ಎಳೆಯುವ ಕರೆಂಟು ಅದಕ್ಕೆ ಹೆಚ್ಚಾಗುತ್ತದೆ. ರಿವರ್ಸ್ ಲೈಟಿನ ವೈರನ್ನು ಮರೆಯುವವರೇ ಹೆಚ್ಚು.

8. ಕೂರಿಸಿ, ಹೊಂದಿಸಿ

ಬ್ಯಾಟರಿಯ ನೆಗೆಟಿವ್ ಕಳಚಿ. ನೆಲ ಕೊರೆಯುವ ಮೊದಲು ಅಡಿಯಲ್ಲಿ ಬ್ರೇಕ್ ಪೈಪು, ಪೆಟ್ರೋಲ್ ಪೈಪು, ವೈರು ಏನಿದೆ ನೋಡಿ. ಕಾರ್ಪೆಟ್ಟನ್ನು ಡ್ರಿಲ್ಲಿನಿಂದ ಕೊರೆಯಬೇಡಿ, ದಾರ ಸುತ್ತಿಕೊಂಡು ಕಾರ್ಪೆಟ್ಟೇ ಎದ್ದು ಬರುತ್ತದೆ. ಬ್ಲೇಡಿನಿಂದ ಸೀಳಿ.

ಹೊಂದಿಸುವುದು ಹೀಗೆ. ಗೇರ್‌ಬಾಕ್ಸ್ ಲಿವರನ್ನು ಕೈಯಿಂದ ಪಾರ್ಕ್ ತುದಿಗೆ ಒಯ್ಯಿರಿ. ಯಾವ ತುದಿ ಪಾರ್ಕ್ ಅನ್ನುವ ಗೊಂದಲವಾದರೆ, ಹಿಂದಿನ ಎರಡೂ ಚಕ್ರ ಮೇಲಿರುವಾಗ ಡ್ರೈವ್ ಶಾಫ್ಟ್ ತಿರುಗಿಸಿ ನೋಡಿ. ಯಾವ ತುದಿಯಲ್ಲಿ ಅದು ಕಟ್ಟಿ ಹಾಕಿದಂತೆ ನಿಲ್ಲುತ್ತದೆಯೋ ಅದೇ ಪಾರ್ಕ್. ಮೇಲೆ ಶಿಫ್ಟರನ್ನೂ ಪಾರ್ಕ್‌ನಲ್ಲಿಡಿ. ಈಗ ಕೇಬಲ್ ತುದಿಯ ಪಿನ್ನು ಲಿವರಿನ ತೂತಿಗೆ ತಾನಾಗಿ ಇಳಿಯಬೇಕು. ಬೆರಳಿನಿಂದ ಒತ್ತಬೇಕಾಯಿತು ಅಂದರೆ ಹೊಂದಿಲ್ಲ. ತುದಿಯ ಕೊಂಡಿಯನ್ನು ಅರ್ಧರ್ಧ ಸುತ್ತು ತಿರುಗಿಸುತ್ತಾ, ಪಿನ್ನು ಸಲೀಸಾಗಿ ಜಾರುವವರೆಗೂ ತಾಳ್ಮೆಯಿಂದಿರಿ. ಆಮೇಲೆ ಇನ್ನೊಂದು ತುದಿಗೆ, ಅಂದರೆ 1ಕ್ಕೆ ಹೋಗಿ ಅಲ್ಲೂ ಇದೇ ಪರೀಕ್ಷೆ. ಎರಡು ತುದಿಯೂ ಹೊಂದಿದರೆ ನಡುವಿನವು ಹೊಂದಿದ ಹಾಗೆಯೇ. ಒಂದು ತುದಿ ಹೊಂದಿ ಇನ್ನೊಂದು ಹೊಂದದಿದ್ದರೆ ಲಿವರಿನ ಉದ್ದ ತಪ್ಪಾಗಿದೆ, ಕೇಬಲ್ ತಿರುಗಿಸಿ ಪ್ರಯೋಜನವಿಲ್ಲ.

ಇಷ್ಟು ಕಿರಿಕಿರಿ ಯಾಕೆ ಅಂದರೆ, ಎರಡು ಕಚ್ಚಿನ ನಡುವೆ ನಿಂತ ವಾಲ್ವ್ ಕ್ಲಚ್ಚಿಗೆ ಅರೆಬರೆ ಒತ್ತಡ ಕೊಡುತ್ತದೆ. ಕಾರು ಓಡುತ್ತದೆ, ಏನೂ ಗೊತ್ತಾಗುವುದಿಲ್ಲ. ಒಳಗೆ ಕ್ಲಚ್ ಪ್ಲೇಟುಗಳು ಜಾರುತ್ತಾ ಸುಡುತ್ತಿರುತ್ತವೆ. ಕೆಲವು ತಿಂಗಳ ನಂತರ ಆಯಿಲ್ ಕಪ್ಪಾಗಿ ಸೀದ ವಾಸನೆ ಬಂದಾಗ ಬೈಗುಳ ತಿನ್ನುವುದು ಗೇರ್‌ಬಾಕ್ಸ್ ಕಟ್ಟಿದವನು.

ಇದರ ಜೊತೆಗೇ ಇನ್ನೊಂದು: 700ಆರ್4 ಮತ್ತು 200-4ಆರ್‌ನ ಟಿವಿ (ಥ್ರಾಟಲ್ ವಾಲ್ವ್) ಕೇಬಲ್, ಟಾರ್ಕ್‌ಫ್ಲೈಟಿನ ಥ್ರಾಟಲ್ ಕಡ್ಡಿ. ಇವು ಶಿಫ್ಟರಿಗೆ ಸೇರಿದವಲ್ಲ, ಕಾರ್ಬ್ಯುರೇಟರಿಗೆ ಸೇರಿದವು. ಎಷ್ಟು ಒತ್ತಡ ಬೇಕು ಅಂತ ಗೇರ್‌ಬಾಕ್ಸಿಗೆ ತಿಳಿಸುವುದು ಇವೇ. ಕೆಲಸದ ನಡುವೆ ಕಳಚಿದ್ದರೆ ಮರಳಿ ಹಾಕದೆ, ಸರಿಯಾಗಿ ಹೊಂದಿಸದೆ ಬೀದಿಯ ತುದಿಯವರೆಗೂ ಓಡಿಸಬೇಡಿ.

9. ಮೊದಲ ಓಟ

ಬ್ರೇಕ್ ಒತ್ತಿ ಹಿಡಿದು ಎಲ್ಲ ಕಚ್ಚುಗಳಲ್ಲೂ ಸ್ಟಾರ್ಟ್ ಮಾಡಲು ನೋಡಿ. ಪಾರ್ಕ್, ನ್ಯೂಟ್ರಲ್ ಬಿಟ್ಟು ಬೇರೆಲ್ಲಾದರೂ ಸ್ಟಾರ್ಟರ್ ತಿರುಗಿದರೆ 7ಕ್ಕೆ ವಾಪಸ್. ಸ್ವಲ್ಪ ಇಳಿಜಾರಿನಲ್ಲಿ ಪಾರ್ಕ್ ಹಾಕಿ, ಕಾಲು ಬ್ರೇಕಿನ ಮೇಲೆಯೇ ಸಿದ್ಧವಾಗಿರಲಿ, ಮೆಲ್ಲಗೆ ಸಡಿಲಿಸಿ. ಕಾರು ಒಂದಿಂಚು ಕುಲುಕಿ ನಿಲ್ಲಬೇಕು. ಕರಕರ ಸದ್ದು ಮಾಡುತ್ತಾ ಜಾರಿದರೆ ಪಾರ್ಕ್ ಪೂರ್ತಿ ಕಚ್ಚಿಲ್ಲ, 8ಕ್ಕೆ ವಾಪಸ್.

ನೂರು ಮೈಲಿ ಓಡಿಸಿದ ಮೇಲೆ ಮತ್ತೊಮ್ಮೆ ಅಡಿಗೆ ಹೋಗಿ ಕೇಬಲ್ ತುದಿಯ ಲಾಕ್ ನಟ್ಟು, ಬ್ರ್ಯಾಕೆಟ್ಟಿನ ಬೋಲ್ಟು ಮುಟ್ಟಿ ನೋಡಿ. ಪ್ಯಾನಿನ ಅಂಚನ್ನು ಬಿಳಿ ಬಟ್ಟೆಯಲ್ಲಿ ಒರೆಸಿ, ಬಟ್ಟೆ ಕೆಂಪಾಯಿತೇ ನೋಡಿ. ಆಮೇಲೆ ನನಗೆ ಫೋಟೊ ಕಳಿಸುವುದಿದ್ದರೆ ಹಿಡಿಯದು ಬೇಡ, ಆ ಬಟ್ಟೆಯದು ಕಳಿಸಿ.